ಹಾಲೋ ನೈಟ್: ರಾಜಾ ಎಂಥಾವ ಅಂತ ಹೆಂಡಿ ಹುಳಕ್ಕ ಕೇಳ್ರಿ

ಗೇಮ್ ಹಳೇದು, 2017ರದು, ಆಸ್ಟ್ರೇಲಿಯಾದ ಟೀಮ್ ಚೆರ್ರಿ ಅನ್ನೋ ಬೆರಳೆಣಿಕಿ ಮಂದಿ ಮಾಡಿದ್ದು. ಈಗ್ಯಾಕ ರಿವ್ಯೂ ಅಂದ್ರ ನಾ ಈಗ ಮುಗಿಸೀನಿ, ಅಷ್ಟೇ. ಮೇ ತಿಂಗಳ ಕಲಬುರಗಿ ಬಿಸಿಲು ನಿಮಗ ಗೊತ್ತದ, ಮುಂಜಾನಿ ಹನ್ನೊಂದು ದಾಟಿದ್ರ ಹೊರಗ ಕಾಲಿಡ್ಲಾಕ ಆಗಲ್ಲ, ಕೂಲರ್ ಮುಂದ ಕುಂತು ಈ ಹಳೇ ಲ್ಯಾಪ್‌ಟಾಪಿನಾಗ ಏನ್ ಓಡಬಹುದು ಅಂತ ಹುಡುಕ್ಲಾಕತ್ತಾಗ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿ ಸೇಲಿನಾಗ ಇದು ಸಿಕ್ತು. ಗ್ರಾಫಿಕ್ಸ್ ಕಾರ್ಡ್ ಇಲ್ದಿದ್ರೂ ಬೆಣ್ಣ್ಯಾಗಿನ ಕೂದಲಾ ತಗದಂಗ ಓಡ್ತದ. ಮುಂದ ಕತಿ ಎಲ್ಲಾ ಬಿಚ್ಚಿ ಹೇಳೀನಿ, ಆಡಬೇಕಂತಿರೋರು ಇಲ್ಲೇ ನಿಂದರ್ರಿ.

ಈ ಗೇಮಿನಾಗ ಎಲ್ಲರೂ ಹುಳಗಳೇ, ಅದರಾಗ ಮುಖ್ಯ ಮೂವರು ಮಾತೇ ಆಡಲ್ಲ. ನಮ್ಮ ಸಣ್ಣ ಹುಳ ಹೀರೋಗ ಬಾಯೇ ಇಲ್ಲ. ಕಡೀ ಬಾಸ್ (ಹೊಡದು ದಾಟಬೇಕಾದ ದೊಡ್ಡ ವೈರಿ) ಹಾಲೋ ನೈಟ್, ಗೇಮಿನ ಹೆಸರೇ ಅವಂದು, ಅವನೂ ಮೂಕ. ಇನ್ನ ಇಡೀ ಹಾಲೋನೆಸ್ಟ್ ರಾಜ್ಯ ಕಟ್ಟಿದ ಪೇಲ್ ಕಿಂಗ್, ಅವನ್ನ ಹುಡಿಕ್ಯಾಡಿ ಹುಡಿಕ್ಯಾಡಿ ಬಿಳಿ ಅರಮನಿ ತನಕ ಹೋದ್ರ ಸಿಂಹಾಸನದ ಮ್ಯಾಲ ಹೆಣ ಕುಂತದ. ಹಂಗಾರ ಇವರು ಎಂಥಾ ಮಂದಿ ಅಂತ ನಮಗ ಯಾರು ಹೇಳಬೇಕು? ದಾರ್ಯಾಗ ಸಿಗೋ ಸಣ್ಣ ಸಣ್ಣ ಬಾಸ್‌ಗಳು. ಮೊದಲ ಸಲ ಆಡಿದಾಗ ನಂಗ ಇದು ತಿಳೀಲೇ ಇಲ್ಲ, ಬರೇ ಹೊಡಿ, ಸಾಯಿ, ಮತ್ತ ಹೊಡಿ ಅಂತ ಹೊಂಟಿದ್ದೆ. ಎರಡನೇ ಸಲ ಚಿಗವ್ವನ ಮಗ ಬಾಜೂಕ ಕುಂತು ಪ್ರಶ್ನಿ ಕೇಳ್ಲಾಕ ಶುರು ಮಾಡ್ದ, ಆವಾಗ ಕಣ್ಣ ತೆರೀತು.

ಮೊದಲ ದೊಡ್ಡ ಬಾಸ್ ಫಾಲ್ಸ್ ನೈಟ್‌ನ್ನೇ ತಗೋರಿ. ಗುಡ್ಡದಂಥಾ ಕವಚ, ಕೈಯಾಗ ಗದಾ, ನೆಲಕ್ಕ ಬಡದ್ರ ಸ್ಕ್ರೀನೇ ನಡಗ್ತದ. ಸಾಕಷ್ಟು ಹೊಡದ ಮ್ಯಾಲ ಕವಚ ಬಾಯಿ ಬಿಡ್ತದ, ಒಳಗ ನೋಡಿದ್ರ ಬಿಳೀ ಮೆತ್ತಗಿನ ಹುಳ ಒಂದು, ಅದರ ತೆಲಿಗಿ ಹೊಡೀಬೇಕು. ಆ ಕವಚ ಹೆಗೆಮೋಲ್ ಅಂತ ರಾಜನ ಐದು ಮಹಾವೀರರಾಗ ಒಬ್ಬಂದು, ಈ ಹುಳ ಅದನ್ನ ಕದ್ದು ಹಾಕ್ಕೊಂಡದ, ಯಾಕಂದ್ರ ತನ್ನಂಥಾ ಕೈಲಾಗದ ಹುಳಗಳನ್ನ ಕಾಯೋರು ಆ ರಾಜ್ಯದಾಗ ಯಾರೂ ಉಳಿದಿಲ್ಲ. ನಮ್ಮ ಹುಡುಗ "ಅಣ್ಣಾ, ಇದು ಕಳ್ಳಲ್ಲೋ, ಪಾಪದ್ದು" ಅಂದ. ಇಲ್ಲಿ ಇನ್ನೊಂದು ಮಜಾ ಅದ, ಅದು ನಂಗ ಕಡೀಕ ಹೊಳೀತು: ಗೇಮ್ ಶುರುವಿನಾಗೇ ದೊಡ್ಡ ಚಿಪ್ಪು, ಒಳಗ ಅಂಜಿದ ಸಣ್ಣ ಜೀವ ತೋರಿಸ್ಯಾರ, ಕಡೀ ಬಾಸ್‌ನೂ ದೊಡ್ಡ ಚಿಪ್ಪೇ, ಒಳಗ ಏನೂ ಇಲ್ಲ ಅಂತ ಎಲ್ಲರೂ ನಂಬಿದ ಚಿಪ್ಪು. ಉತ್ತರ ಮೊದಲೇ ಕೈಯಾಗ ಕೊಟ್ಟು ನಮ್ಮನ್ನ ಮೂವತ್ತು ತಾಸು ತಿರಗಸ್ಯಾರ!

ಆಮ್ಯಾಲ ನನ್ನ ಫೇವರಿಟ್, ಡಂಗ್ ಡಿಫೆಂಡರ್. ಊರಿನ ಗಟಾರದಾಗ ಇರ್ತಾನ, ಹೆಂಡಿ ಉಂಡಿ ಮಾಡಿ ಒಗೀತಾನ, ನಗ್ತಾನ, ನೆಲದಾಗ ಮುಳುಗಿ ಮುಳುಗಿ ಏಳ್ತಾನ, ಫೈಟ್ ಒಂಥರಾ ಜಾತ್ರಿ ಇದ್ದಂಗ ಇರ್ತದ. ಸೋತ ಮ್ಯಾಲ ಸಾಯಲ್ಲ, ಹೊರಗ ಬಂದು ಮರ್ಯಾದಿಲೇ ಮಾತಾಡ್ತಾನ. ಇವನೂ ಆ ಐದು ವೀರರಾಗ ಒಬ್ಬ, ಓಗ್ರಿಮ್ ಅಂತ ಹೆಸರು. ರಾಜಾ ಇಲ್ಲ, ಅರಮನಿ ಇಲ್ಲ, ಜೊತಿಯವರಿಲ್ಲ, ಇಂವ ಮಾತ್ರ ಗಟಾರ ಕಾಯ್ಕೋತ ಕುಂತಾನ. ಮಲಗಿದ್ದಾಗ ಕನಸಿನೊಳಗ ಒಯ್ಯೋ ಕತ್ತಿ ಡ್ರೀಮ್ ನೇಲ್‌ಲಿಂದ ಅವನ ಕನಸಿಗಿ ಹೋದ್ರ ಅಲ್ಲಿ ಇಂವ ಬೆಳ್ಳಗ ಹೊಳೀತಿರ್ತಾನ, ವೈಟ್ ಡಿಫೆಂಡರ್, ಹರೇದಾಗ ಹ್ಯಾಂಗಿದ್ನೋ ಹಂಗ. ಪದೇಪದೇ ಹೋಗಿ ಗೆದ್ರ ಹೆಂಡಿಲೇ ಮಾಡಿದ ತನ್ನ ಗೆಳ್ಯಾರ ಮೂರ್ತಿ ಸಿಗ್ತಾವ, ಜೊತಿಗಿ ನಮ್ಮ ಹೀರೋಂದೂ ಒಂದು ನಿಲ್ಲಿಸ್ಯಾನ. ಅದನ್ನ ನೋಡಿ ನಾ ಕಂಟ್ರೋಲರ್ ಕೆಳಗ ಇಟ್ಟು ಸುಮ್ಮ ಕುಂತೆ. ಪೇಲ್ ಕಿಂಗ್ ನಮ್ಮ ಎದುರಿಗಿ ಒಂದು ಮಾತು ಆಡಿಲ್ಲ ಖರೇ, ಆದ್ರ ಇಂಥಾ ಮನಶ್ಯಾನ್ನ (ಹುಳಾನ್ನ ಅನ್ರಿ) ಹಿಂಗ ಬಿಟ್ಟು ಹೋದಾವ ಅಂವ. ಬೀದರಕ್ಕ ಹೋದಾಗೆಲ್ಲ ಗವಾನ್ ಮದರಸಾದ ಮುಂದ ನಿಂತು ನಂಗ ಹಿಂಗೇ ಅನಸ್ತದ. 1481ರಾಗ ಸುಳ್ಳು ಪತ್ರ ನಂಬಿ ತನ್ನ ವಜೀರ ಮಹಮೂದ್ ಗವಾನನ್ನ ಕೊಲ್ಲಿಸ್ದ ಬಹಮನಿ ಸುಲ್ತಾನ ಮೂರನೇ ಮಹಮ್ಮದ್ ಶಾ, ಅವನ ಹೆಸರು ನಮ್ಮ ಕಡಿ ಎಷ್ಟ್ ಮಂದಿ ಬಾಯಾಗ ಅದ ಹೇಳ್ರಿ? ಅಂವ ಎಂಥಾವ ಅನ್ನೋದು ನಮಗ ಗವಾನನ ಕತಿಯಿಂದಲೇ ಗೊತ್ತು.

ಸೋಲ್ ಮಾಸ್ಟರ್ ಅನ್ನೋ ಬಾಸ್ ಬಗ್ಗೆ ಸಿಟ್ಟು ಇನ್ನೂ ಇಳಿದಿಲ್ಲ. ಸತ್ತ ಅಂತ ಖುಷಿಪಟ್ಟು ನೀರ್ ಕುಡೀಲಾಕ ಏಳ್ತಿದ್ದೆ, ನೆಲ ಒಡಕೊಂಡು ಮತ್ತ ಬಂದ! ಆದ್ರ ವಿಚಾರ ಮಾಡಿದ್ರ ಇಡೀ ಗೇಮಿನಾಗ ರಾಜನ ಮ್ಯಾಲ ಅತೀ ಖಡಕ್ ಕೇಸ್ ಹಾಕೋದು ಇವನೇ. ರಾಜ್ಯಕ್ಕ ಸೋಂಕು ಬಂತು, ತಡೀಬೇಕು ಅಂತ ಊರ ಮಂದಿ ಆತ್ಮ ಹಿಂಡಿ ತಗೊಂಡ, ಅವನ ಮಹಲಿನಾಗ ಹೆಣದ ರಾಶಿ ಬಿದ್ದದ. ಅಯ್ಯೋ ರಾಕ್ಷಸ ಅಂತೀವಿ. ರಾಜಾ ಏನ್ ಮಾಡ್ದ? ಅದೇ ಸೋಂಕು ಒಳಗ ಕೂಡಿ ಹಾಕ್ಲಾಕ ತನ್ನ ಸ್ವಂತ ಮಕ್ಕಳನ್ನ ಕತ್ತಲಿ ಬಾವ್ಯಾಗ ಹುಟ್ಟಿಸಿ, ಒಂದು ಆರಿಸ್ಕೊಂಡು (ಅದೇ ಹಾಲೋ ನೈಟ್), ಉಳಿದವನ್ನ ಅಲ್ಲೇ ಬಿಟ್ಟ. ಒಬ್ಬಂದು ಪಾಪ, ಇನ್ನೊಬ್ಬಂದು ತ್ಯಾಗ. ಅದಕ್ಕ ಊರ ನಡುವ ಕಾರಂಜಿ ಕಟ್ಟಿ ಹಾಲೋ ನೈಟ್ ಮೂರ್ತಿನೂ ನಿಲ್ಲಿಸ್ಯಾರ, ಮೂರ್ತಿ ಮ್ಯಾಲ ದಿನಾ ಮಳಿ ಬೀಳ್ತದ. ಇದನ್ನ ಡೈಲಾಗಿನಾಗ ಎಲ್ಲೂ ಹೇಳಲ್ಲ, ನಾವೇ ಎರಡೂ ಬಾಜೂಕ ಬಾಜೂಕ ಇಟ್ಟು ನೋಡಬೇಕು.

ಹಂಗ ಬಿಟ್ಟ ಮಕ್ಕಳಾಗ ಒಂದು ಮುಂದ ಎನ್ಶಂಟ್ ಬೇಸಿನ್‌ನಾಗ ಸಿಗ್ತದ, ಬ್ರೋಕನ್ ವೆಸಲ್. ನಮ್ಮ ಹೀರೋನ ಮಾರಿನೇ, ನಮ್ಮಂಗೇ ಕತ್ತಿ, ಮೈ ತುಂಬ ಕೇಸರಿ ಸೋಂಕಿನ ಗುಳ್ಳಿ. ನಾ ಮೂರ್ನಾಕು ಸಲ ಸತ್ತೆ, ಆದ್ರ ಸಾಯೋದ್ರಕಿಂತ ಗೆದ್ದಾಗ ಜಾಸ್ತಿ ಕೆಟ್ಟ ಅನಸ್ತು, ಅಣ್ತಮ್ಮನ್ನ ಹೊಡದು ಅವನ ರೆಕ್ಕಿ ತಗೊಂಡು ಹಾರಿದಂಗ. ಖರೇನೇ ಹಂಗೇ, ಗೆದ್ರ ಡಬಲ್ ಜಂಪ್ ಸಿಗ್ತದ. ಇದನ್ನ ನೋಡಿದ ಮ್ಯಾಲ ಕಡೀಕ ಸರಪಳಿಯಾಗ ತೂಗೋ ಹಾಲೋ ನೈಟ್ ಎದುರು ನಿಂತಾಗ ಅಂವ ವೈರಿ ಅನಸಲ್ಲ, ಅದೇ ಬಾವಿಯಾಗ ಹುಟ್ಟಿದ ಹಿರೇಣ್ಣ ಅನಸ್ತಾನ. ಫೈಟ್ ನಡುವ ಅಂವ ನಮ್ಮನ್ನ ಹೊಡೆಯೋದು ಬಿಟ್ಟು ತನ್ನ ಕತ್ತಿ ತನ್ನ ಮೈಗೇ ಚುಚ್ಕೋತಾನ, ಒಳಗಿನ ಸೋಂಕು ಸಾಯಲಿ ಅಂತ. ಒಳಗ ಏನೂ ಇಲ್ದ ಚಿಪ್ಪು ಹಂಗ ಮಾಡ್ತದೇನ್ರಿ?

ಇದಕ್ಕ ಸಾಕ್ಷಿ ಪಾತ್ ಆಫ್ ಪೇನ್ ಅನ್ನೋ ಮುಳ್ಳಿನ ದಾರಿ ಕಡೀಕ ಅದ, ಎರಡು ಕಿಂಗ್ಸ್‌ಮೋಲ್ಡ್ (ರಾಜನೇ ಮಾಡಿಟ್ಟ ಪೊಳ್ಳು ಕವಚದ ಕಾವಲುಗಾರರು) ಹೊಡದ್ರ ನಾಕೈದು ಸೆಕೆಂಡಿನ ಸೀನ್ ಬರ್ತದ, ಅಪ್ಪಾ ಪೇಲ್ ಕಿಂಗ್, ಮಗಾ ಹಾಲೋ ನೈಟ್ ಒಬ್ಬರನ್ನೊಬ್ಬರು ನೋಡ್ತಾರ, ಅಷ್ಟೇ. ಸುಳ್ಳ್ ಯಾಕ ಹೇಳ್ಲಿ, ನಾ ಅದನ್ನ ಮುಗಿಸಿಲ್ಲ, ಯೂಟ್ಯೂಬಿನಾಗ ನೋಡೀನಿ.

ಬೈಯೋದೂ ಅದ. ಎಲ್ಲಾ ಬಾಸ್ ಹಿಂಗಿಲ್ಲ, ಗ್ರಜ್ ಮದರ್, ವೆಂಜ್‌ಫ್ಲೈ ಕಿಂಗ್ ಅಂಥಾವು ಬರೇ ದಾರಿಗಿ ಅಡ್ಡ ಮಲಗಿದ ಎಮ್ಮಿ. ವಾಚರ್ ನೈಟ್ಸ್ ಆರು ಮಂದಿ, ಇಬ್ಬಿಬ್ಬರು ಕೂಡಿ ಮ್ಯಾಲ ಬೀಳ್ತಾರ, ಮ್ಯಾಲಿನ ದೀಪದ ಝೂಮರ್ ಕಡದ್ರ ಮೊದಲೇ ಒಬ್ಬ ಕಡಿಮಿ ಆಗ್ತಾನ ಅಂತ ನಂಗ ಗೆದ್ದ ಮ್ಯಾಲ ಗೊತ್ತಾತು. ಮ್ಯಾಪ್ ರೊಕ್ಕ ಕೊಟ್ಟು ತಗೋಬೇಕು, ನಾವೆಲ್ಲಿ ಅದೀವಿ ಅಂತ ಮ್ಯಾಪಿನಾಗ ಕಾಣ್ಲಾಕ ಮತ್ತೊಂದು ಚಾರ್ಮ್ (ತಾಯಿತ) ಹಾಕ್ಕೋಬೇಕು, ಇದು ಅನ್ಯಾಯ. ಕನ್ನಡ ಇಲ್ಲ, ಇಂಗ್ಲಿಷೂ ಒಗಟು ಒಗಟು, ಹಿಂಗಾಗಿ ಅರ್ಧ ಮಂದಿ ಕತಿನೇ ಇಲ್ಲ ಅಂತ ಬಿಟ್ಟು ಹೋಗ್ತಾರ.

ಕೀಬೋರ್ಡಿನಾಗ ಆಡಬ್ಯಾಡ್ರಿ, ಬೆರಳು ಸೇದ್ತಾವ. ಸೂಪರ್ ಮಾರ್ಕೆಟ್ ಕಡಿ ಒಂದು ಅಂಗಡ್ಯಾಗ ನಾ ತಗೊಂಡ ಕಂಟ್ರೋಲರ್ ವಾರದಾಗ ತಾನೇ ಎಡಕ್ಕ ನಡೀಲಾಕ ಶುರು ಮಾಡ್ತು, ವಾರಂಟಿ ಕೇಳಿದ್ರ ಅಂಗಡಿಯಾಂವನೂ ಹಾಲೋ ನೈಟ್ ಆದ, ಮಾತೇ ಇಲ್ಲ. ಗೇಮಿಗಿ ಮಾತ್ರ ಐದಕ್ಕ ನಾಕೂವರಿ. ಸೇಲಿನಾಗ ಎರಡು ಪ್ಲೇಟ್ ಬಿರ್ಯಾನಿ ರೊಕ್ಕದಾಗ ಬಂತು, ಆಮ್ಯಾಲ ಬಂದ ನಾಕೂ ಹೆಚ್ಚಿನ ಭಾಗ, ಅಂದ್ರ ಡಿಎಲ್‌ಸಿ ಪುಕ್ಕಟೆ. 2025ರಾಗ ಬಂದ ಇದರ ಮುಂದಿನ ಗೇಮ್ ಸಿಲ್ಕ್‌ಸಾಂಗ್ ಆಡೋಕಿಂತ ಮೊದಲು ಇದನ್ನೇ ಆಡ್ರಿ.

ಈಗ ಚಿಗವ್ವನ ಮಗ ತಾನೇ ಹೊಸಾ ಸೇವ್ ಫೈಲ್ ಶುರು ಮಾಡ್ಯಾನ. ಫಾಲ್ಸ್ ನೈಟ್ ಕವಚ ಬಾಯಿ ಬಿಟ್ಟಾಗ ಆ ಹುಳದ ತೆಲಿಗಿ ಹೊಡೀಲಾಕ ಕೈ ಏಳವಲ್ದು ಅಂತಾನ, ಹೊಡೀಲಿಲ್ಲಂದ್ರ ಊರ ಬಾಗಿಲಾ ತೆರಿಯೋ ಮುದ್ರಿ ಸಿಗಲ್ಲ, ನಿನ್ನಿ ಸಂಜಿಯಿಂದ ಅಲ್ಲೇ ಕುಂತಾನ.