ದಡದಿಂದ ತಾಟೆ ಹಿಡಿಯಲು: ದುಡ್ಡು ರಾಡಿಗೋ, ಗಾಳದ ತುದಿಗೋ?

ಬೆಂಗಳೂರಿನಲ್ಲಿ ಕೂತು ತಾಟೆ, ಅಂದರೆ ಶಾರ್ಕ್ ಹಿಡಿಯುವ ಸಾಮಾನು ಆರಿಸುವವರು ಮೊದಲು ನೋಡುವುದು ಫ್ಲೋರಿಡಾದ, ದಕ್ಷಿಣ ಆಫ್ರಿಕಾದ ವಿಡಿಯೊಗಳನ್ನು. ಅಲ್ಲಿ ಆಳುದ್ದದ ಶಾರ್ಕ್, ಸೊಂಟಕ್ಕೆ ಬೆಲ್ಟು, ತೆಂಗಿನಕಾಯಿ ಗಾತ್ರದ ರೀಲು. ನಮ್ಮ ಕರಾವಳಿಯಲ್ಲಿ ದಡದವರೆಗೂ ಬರುವುದು ಹೆಚ್ಚಾಗಿ ಚಿಕ್ಕವು. ಚಪ್ಪಟೆ ಮೂತಿಯ ಸ್ಪೇಡ್‌ನೋಸ್ ಶಾರ್ಕ್ ಮುಕ್ಕಾಲು ಮೀಟರ್ ಆದರೆ ಅದೇ ದೊಡ್ಡದು. ಮಿಲ್ಕ್ ಶಾರ್ಕ್ ಒಂದು ಮೀಟರ್ ಆಸುಪಾಸು. ಅದಕ್ಕೇ ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ರಾಡು, ರೀಲು ಮಧ್ಯಮದ್ದು ಸಾಕು. ಗಾಳದಿಂದ ಮೇಲಿನ ಒಂದು ಮಾರು ಇದೆಯಲ್ಲ, ದುಡ್ಡು ಅಲ್ಲಿಗೆ ಹೋಗಲಿ.

ರಾಡಿನಲ್ಲಿ ಮೂರು ಬಗೆ ಬಳಸಿ ನೋಡಿದೆ. ಒಂಬತ್ತು ಅಡಿಯ ದಪ್ಪನೆಯದು, ಹನ್ನೆರಡು ಅಡಿಯ ಎರಡು ತುಂಡಿನದು, ಅದೇ ಉದ್ದದ ಮೂರು ತುಂಡಿನದು. ಒಂಬತ್ತು ಅಡಿಯದು ಎಳೆಯಲು ಚೆನ್ನ, ಎಸೆಯಲು ಅಲ್ಲ. ಮರವಂತೆಯಲ್ಲಿ ಮೊದಲ ಅಲೆಸಾಲಿನ ಆಚೆ ದಾರದ ತುದಿಯ ಸೀಸದ ಗುಂಡು ಬೀಳಬೇಕು. ಇದರಲ್ಲಿ ಎಸೆದರೆ ನೊರೆಯಲ್ಲೇ ಬಿದ್ದು ವಾಪಸ್ ಉರುಳಿ ಬರುತ್ತದೆ. ಹನ್ನೆರಡು ಅಡಿಯದರಲ್ಲಿ ಎರಡು ತುಂಡಿನದಕ್ಕೆ ಬಾಗುವಿಕೆ ಸ್ವಲ್ಪ ನಯ, ಒಪ್ಪುತ್ತೇನೆ. ಆದರೆ ಮಡಚಿದರೂ ಆರಡಿ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಸ್ಲೀಪರ್ ಬಸ್ ಹತ್ತುವಾಗ ಆ ಆರಡಿಯನ್ನು ಎಲ್ಲಿಡುತ್ತೀರಿ? ಬರ್ತ್‌ನಲ್ಲಿ ಪಕ್ಕಕ್ಕೆ ಮಲಗಿಸಿಕೊಳ್ಳಬೇಕು ಅಷ್ಟೆ. ಮೂರು ತುಂಡಿನದು ನಾಲ್ಕಡಿಗೆ ಇಳಿಯುತ್ತದೆ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪಿನಲ್ಲಿ ಹಾಕಿದರೆ ಕಂಡಕ್ಟರ್ ಕೂಡ ಪ್ಲಂಬಿಂಗ್ ಸಾಮಾನು ಅಂದುಕೊಂಡು ಸುಮ್ಮನಾಗುತ್ತಾರೆ. ಬೆಂಗಳೂರಿನವರಿಗೆ ಮೂರು ತುಂಡಿನದೇ ಸರಿ. 100ರಿಂದ 200 ಗ್ರಾಂ ಎಸೆಯುವ ತಾಕತ್ತು ಇರಲಿ.

ರೀಲಿನ ವಿಷಯ ಚಿಕ್ಕದು. ಎಸೆಯುವಾಗ ದಾರದ ಉರುಳೆಯೇ (ಸ್ಪೂಲ್) ಸುತ್ತುವ ಮಲ್ಟಿಪ್ಲೈಯರ್ ರೀಲಿಗೆ ಬಲ ಜಾಸ್ತಿ, ನೋಡಲೂ ಠೀವಿ. ಆದರೆ ಸ್ಪೂಲ್ ತಡೆಯುವ ಹೆಬ್ಬೆರಳು ಸ್ವಲ್ಪ ತಡವಾದರೂ ದಾರ ಗೋಜಲು. ಪಳಗಬೇಕಾದರೆ ವಾರವಾರ ಎಸೆಯಬೇಕು. ಮೈದಾನ ಎಲ್ಲಿದೆ? ಭಾನುವಾರ ಬೆಳಗ್ಗೆ ಆರಕ್ಕೇ ನಾಲ್ಕು ಕ್ರಿಕೆಟ್ ತಂಡ ಹಾಜರಿರುತ್ತವೆ. ಅವರ ತಲೆ ಮೇಲೆ 150 ಗ್ರಾಂ ಸೀಸ ಹಾರಿಸಲಾಗುತ್ತದಾ? ಎಸೆಯುವಾಗ ಸ್ಪೂಲ್ ಸುತ್ತದ ಸ್ಪಿನ್ನಿಂಗ್ ರೀಲು, 8000 ಸೈಜಿನದು, ತೆಗೆದುಕೊಳ್ಳಿ, ಮುಂದಕ್ಕೆ ಹೋಗಿ.

ದಾರದಲ್ಲಿ ನಿಜವಾದ ಪೈಪೋಟಿ ಇದೆ. 50 ಪೌಂಡ್ ತಡೆಯುವ ಒಂಟಿ ಎಳೆಯ ನೈಲಾನ್ ದಾರ, ಅಂದರೆ ಮೊನೊ, ಸುಮಾರು 0.7 ಮಿಲಿಮೀಟರ್ ದಪ್ಪ, ಅದೇ ಬಲದ ಹೆಣೆದ ದಾರ, ಅಂದರೆ ಬ್ರೇಡ್, ಅದರ ಅರ್ಧ. ಸಣ್ಣಗಿದ್ದಷ್ಟೂ ದೂರ ಹೋಗುತ್ತದೆ, ಅಲೆಯ ಸೆಳೆತವೂ ಕಡಿಮೆ. ಮೊನೊ ಎಳೆದರೆ ಹಿಗ್ಗುತ್ತದೆ, ಹಾಗಾಗಿ ದೂರದಲ್ಲಿ ಮೀನು ಮೂಸಿದ್ದು ಕೈಗೆ ಗೊತ್ತಾಗುವುದಿಲ್ಲ. ಬ್ರೇಡ್‌ನಲ್ಲಿ ಏಡಿ ಕಚ್ಚಿದರೂ ತಿಳಿಯುತ್ತದೆ. ಆದರೆ ಕಲ್ಲಿಗೆ ಒಮ್ಮೆ ಉಜ್ಜಿದರೆ ಬ್ರೇಡ್ ಕಥೆ ಮುಗಿಯಿತು. ಮರವಂತೆಯಲ್ಲಿ ಕಡಲ್ಕೊರೆತ ತಡೆಯಲು ಸುರಿದ ಬಂಡೆಗಳಿವೆ. ಅಲ್ಲಿ ನಿಂತರೆ ನಾನು ಮೊನೊ ಸ್ಪೂಲ್ ಹಾಕುತ್ತೇನೆ, ಬರಿ ಮರಳಾದರೆ ಬ್ರೇಡ್. ಎರಡರಲ್ಲಿ ಒಂದೇ ಕೊಳ್ಳಬೇಕು ಅಂದರೆ ಬ್ರೇಡ್ ಕೊಳ್ಳಿ, ತುದಿಗೆ ಎಸೆತದ ಜಗ್ಗು ತಡೆಯುವ ದಪ್ಪ ಮೊನೊ ತುಂಡು, ಅಂದರೆ ಶಾಕ್ ಲೀಡರ್, ಕಟ್ಟಿ. ಸೀಸದ ಪ್ರತಿ ಔನ್ಸಿಗೆ 10 ಪೌಂಡ್ ಲೀಡರ್ ಎನ್ನುವುದು ಹಳೆಯ ಲೆಕ್ಕ. ಐದು ಔನ್ಸ್, ಅಂದರೆ 140 ಗ್ರಾಂ ಸೀಸಕ್ಕೆ 50 ಪೌಂಡ್. ಇದಕ್ಕಿಂತ ಸಣ್ಣದು ಕಟ್ಟಿದರೆ ಎಸೆಯುವಾಗಲೇ ತುಂಡಾಗಿ ಸೀಸ ಯಾರ ಕಡೆಗಾದರೂ ಹಾರುತ್ತದೆ.

ಮೀನು ಎಳೆದಾಗ ದಾರ ಬಿಡುವ ರೀಲಿನ ಬ್ರೇಕು, ಅಂದರೆ ಡ್ರ್ಯಾಗ್, ಎಷ್ಟು ಬಿಗಿ ಮಾಡಬೇಕು ಎಂದು ತಿಳಿಯಲು ತಕ್ಕಡಿ ಬೇಡ, ಮನೆಯ ಬಬಲ್‌ಟಾಪ್ ನೀರಿನ ಕ್ಯಾನ್ ಸಾಕು. ದಾರದ ಬಲದ ಮೂರನೇ ಒಂದು ಭಾಗಕ್ಕಿಂತ ಮೇಲೆ ಡ್ರ್ಯಾಗ್ ಹೋಗಬಾರದು. 50 ಪೌಂಡ್ ಅಂದರೆ ಸುಮಾರು 22 ಕಿಲೊ, ಮೂರನೇ ಒಂದು ಏಳು ಚಿಲ್ಲರೆ. ಖಾಲಿ ಕ್ಯಾನಿಗೆ ಆರೇಳು ಲೀಟರ್ ನೀರು ಹಾಕಿ. ಮುಚ್ಚಳದ ಕೆಳಗಿನ ಕುತ್ತಿಗೆಗೆ ದಾರ ಕಟ್ಟಿ. ರಾಡು ನೆಟ್ಟಗೆ ಕ್ಯಾನಿನ ಕಡೆಗೇ ಇಟ್ಟು ಟೆರೇಸಿನ ಮೇಲೆ ನಿಧಾನ ಮೇಲೆತ್ತಿ. ಕ್ಯಾನ್ ನೆಲ ಬಿಟ್ಟೂ ಬಿಡದ ಹಾಗೆ ಮೇಲೆದ್ದು, ಸ್ಪೂಲ್ ಕರ್‌ ಎಂದು ಸುತ್ತಿ ಮತ್ತೆ ಕೆಳಗಿಳಿಯಬೇಕು. ಅದೇ ಜಾಗ. ಅಗ್ಗದ ರೀಲುಗಳು ಇಲ್ಲೇ ಸಿಕ್ಕಿಬೀಳುತ್ತವೆ: ಸ್ಪೂಲ್ ನಯವಾಗಿ ಸುತ್ತದೆ ಜಗ್ಗಿ ಜಗ್ಗಿ ಬಿಡುತ್ತದೆ. ಸಮುದ್ರದಿಂದ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ ಕಾವೇರಿ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಉಪ್ಪು ಹೋಗಿ ಬಿಳಿ ಕಲೆ ಉಳಿಯುತ್ತದೆ.

ಈಗ ಆ ಒಂದು ಮಾರು. ತಾಟೆಗೆ ಹಲ್ಲು ಮಾತ್ರ ಅಲ್ಲ, ಚರ್ಮವೂ ಉಪ್ಪುಕಾಗದದಂತಿದ್ದು ಬರಿಯ ಮೊನೊವನ್ನು ಸವೆಸಿಬಿಡುತ್ತದೆ. ಅದಕ್ಕೇ ಗಾಳದ ಹತ್ತಿರ ಒಂದಡಿ ತಂತಿ, ಅದರ ಮೇಲೆ ದಪ್ಪ ಮೊನೊ. ಒಂಟಿ ಎಳೆಯ ಪಿಯಾನೊ ತಂತಿ ಅಗ್ಗ, ಆದರೆ ಒಮ್ಮೆ ಮಡಿಕೆ ಬಿದ್ದರೆ ಅಲ್ಲೇ ಮುರಿಯುತ್ತದೆ. ಹಲವು ಎಳೆಯ, ನೈಲಾನ್ ಹೊದಿಕೆಯ ಸ್ಟೀಲ್ ತಂತಿಗೆ ಬೆಲೆ ಜಾಸ್ತಿ. ಅದು ಬಾಗುತ್ತದೆ, ಎರೆ ಸಹಜವಾಗಿ ತೇಲುತ್ತದೆ, ನಾನು ಅದನ್ನೇ ಕ್ರಿಂಪ್ (ಒತ್ತಿ ಬಿಗಿಮಾಡುವ ಲೋಹದ ಕೊಳವೆ) ಹಾಕಿ ಕಟ್ಟಿಕೊಳ್ಳುತ್ತೇನೆ.

ಗಾಳದಲ್ಲಿ J ಅಕ್ಷರದಂತಿರುವ ಜೆ ಹುಕ್, ತುದಿ ಒಳಕ್ಕೆ ಬಾಗಿದ ಸರ್ಕಲ್ ಹುಕ್ ಎರಡನ್ನೂ ಒಂದೇ ಜಾಗದಲ್ಲಿ ಇಟ್ಟು ನೋಡಿದ್ದೇನೆ. ಜೆ ಹುಕ್‌ಗೆ ಸರಿಯಾದ ಕ್ಷಣದಲ್ಲಿ ಜಗ್ಗಬೇಕು. ತಡವಾದರೆ ಮೀನು ನುಂಗಿ ಗಾಳ ಹೊಟ್ಟೆಯಲ್ಲಿ. ಸರ್ಕಲ್ ಹುಕ್‌ಗೆ ಜಗ್ಗಲೇಬಾರದು. ಮೀನು ತಿರುಗಿ ಹೊರಟಾಗ ದಾರ ಬಿಗಿಯಾಗುತ್ತದೆ, ಗಾಳ ತಾನೇ ಜಾರಿ ದವಡೆಯ ಮೂಲೆಗೆ ಕೂರುತ್ತದೆ. ರಾಡ್ ನೆಟ್ಟು ಚಹಾ ಕುಡಿಯುವವರಿಗೆ ಹೇಳಿ ಮಾಡಿಸಿದ್ದು, ಮೀನು ವಾಪಸ್ ಬಿಡುವವರಿಗೂ ಅಷ್ಟೇ. ಸ್ಟೇನ್‌ಲೆಸ್ ಬೇಡ. ದಾರ ಕಡಿದುಹೋದರೆ ಮಾಮೂಲಿ ಕಾರ್ಬನ್ ಸ್ಟೀಲ್ ಗಾಳ ತುಕ್ಕು ಹಿಡಿದು ಉದುರುತ್ತದೆ.

ಎರೆಯಲ್ಲಿ ಎಲ್ಲರೂ ಬೂತಾಯಿ (ಸಾರ್ಡೀನ್) ಅನ್ನುತ್ತಾರೆ. ಎಣ್ಣೆ ಬಿಡುವುದರಲ್ಲಿ ಅದನ್ನು ಯಾವುದೂ ಮೀರಿಸುವುದಿಲ್ಲ, ನಿಜ. ಆದರೆ ಮೆತ್ತಗೆ. ಎಲಾಸ್ಟಿಕ್ ನೂಲು ಸುತ್ತದೆ ಎಸೆದರೆ ಬೂತಾಯಿ ಒಂದು ಕಡೆ, ಗಾಳ ಇನ್ನೊಂದು ಕಡೆ. ಬೊಂಡಾಸ್ (ಸ್ಕ್ವಿಡ್) ಗಟ್ಟಿ, ಗಂಟೆಗಟ್ಟಲೆ ಉಳಿಯುತ್ತದೆ, ವಾಸನೆ ಮಂದ. ಸಿಗಡಿಯನ್ನು ತಾಟೆಗಿಂತ ಮೊದಲು ಕ್ಯಾಟ್‌ಫಿಶ್ ತಿನ್ನುತ್ತದೆ. ಅದರ ವಿಷದ ಮುಳ್ಳು ಬಿಡಿಸುವುದರಲ್ಲೇ ಸಂಜೆ ಮುಗಿಯುತ್ತದೆ. ನನ್ನ ಮತ ಬಂಗುಡೆಗೆ. ತಲೆ, ಬಾಲ ತೆಗೆದು ನಡುವಿನ ತುಂಡನ್ನು ಅಡ್ಡ ಕತ್ತರಿಸಿದರೆ ರಕ್ತವೂ ಇಳಿಯುತ್ತದೆ, ಚರ್ಮ ಗಾಳವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ ಬಂಗುಡೆ ಒಯ್ದೂ ನೋಡಿದೆ. ಪಾಪದ ಮೀನು, ಕರಾವಳಿಯಿಂದ ಘಾಟಿ ಹತ್ತಿ ಬಂದದ್ದು ಮತ್ತೆ ಇಳಿಯಬೇಕು. ಫ್ರೀಜರ್‌ನಲ್ಲಿಟ್ಟು ಕರಗಿಸಿದ ಮಾಂಸ ಹಿಟ್ಟಿನ ಹಾಗಾಗುತ್ತದೆ, ಕಲ್ಲುಪ್ಪು ಹಾಕಿಟ್ಟರೆ ಪರವಾಗಿಲ್ಲ. ಬೆಳಗ್ಗೆ ಗಂಗೊಳ್ಳಿ ಬಂದರಿನಲ್ಲಿ ಕೊಂಡ ಬಂಗುಡೆಯ ಮುಂದೆ ಎರಡೂ ಸಪ್ಪೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಆಗ ತಾಜಾ ಮೀನು ಕಷ್ಟ. ಕಡಲು ಹೇಗೂ ಆ ಕಾಲದಲ್ಲಿ ದಡದಲ್ಲಿ ನಿಲ್ಲಲು ಬಿಡುವುದಿಲ್ಲ, ಅಲ್ವಾ.

ಕೊನೆಗೊಂದು ಸಾಮಾನು ಬಾಕಿ: ತಂತಿ ಕತ್ತರಿಸುವ ಗಟ್ಟಿ ಕಟ್ಟರ್. ತಾಟೆಯನ್ನು ಬಾಲ ಹಿಡಿದು ಎತ್ತಬೇಡಿ, ನೀರಿನಲ್ಲೇ ಇಟ್ಟು ಗಾಳ ಬಿಡಿಸಿ. ಗರಗಸ ಮೀನೋ, ದೊಡ್ಡ ಗಿಟಾರ್ ಮೀನೋ ಸಿಕ್ಕರೆ ಫೋಟೊಗೆ ನಿಲ್ಲುವಂತೆಯೇ ಇಲ್ಲ. 2001ರಿಂದ ಅವು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಬಾಯಿಗೆ ಆದಷ್ಟು ಹತ್ತಿರ ತಂತಿ ಕತ್ತರಿಸಿ ಬಿಟ್ಟುಬಿಡಿ.