ಕೆಲಸ ಬಿಡದೆ ಎಂ.ಎಸ್.: ಜಾರ್ಜಿಯಾ ಟೆಕ್‌ನ ಆನ್‌ಲೈನ್ ಕಂಪ್ಯೂಟರ್ ಸೈನ್ಸ್ ಪದವಿ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪೂರ್ಣಾವಧಿ ದುಡಿಯುತ್ತಲೇ ನಾನು ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಆನ್‌ಲೈನ್ ಎಂ.ಎಸ್. (ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಸೇರುವ ಆಸೆಯಿರುವ ಸಹೋದ್ಯೋಗಿಗಳು ಮೊದಲು ಕೇಳುವುದು ಶುಲ್ಕವನ್ನು. 2014ರ ಜನವರಿಯಲ್ಲಿ ಆರಂಭವಾದ ಈ ಪದವಿಗೆ 10 ಕೋರ್ಸ್‌ಗಳು, 30 ಕ್ರೆಡಿಟ್‌ಗಳು; ಒಟ್ಟು ಖರ್ಚು ಸುಮಾರು 7,000 ಡಾಲರ್. ಅಮೆರಿಕಕ್ಕೆ ಹೋಗಿ ಓದುವ ವೆಚ್ಚದ ಮುಂದೆ ಇದು ತೀರಾ ಕಡಿಮೆ. ಕೈಗೆ ಬರುವ ಪದವಿಪತ್ರದಲ್ಲಿ ‘ಆನ್‌ಲೈನ್’ ಎಂಬ ಪದವೂ ಇರುವುದಿಲ್ಲ. ಆದರೆ ಉದ್ಯೋಗಸ್ಥರು ಹಣಕ್ಕಿಂತ ಮೊದಲು ಲೆಕ್ಕ ಹಾಕಬೇಕಾದದ್ದು ವಾರಕ್ಕೆ ಎಷ್ಟು ಗಂಟೆ ಬಿಡುವು ಮಾಡಿಕೊಳ್ಳಬಲ್ಲೆವು ಎಂಬುದನ್ನು.

ಇದಕ್ಕೂ ಮುಂಚೆ ನಾನು ಬೇರೊಂದು ಸಂಸ್ಥೆಯ ಆನ್‌ಲೈನ್ ಕೋರ್ಸಿಗೆ ಹಣ ಕಟ್ಟಿದ್ದೆ. ಅಲ್ಲಿ ವಿಡಿಯೊಗಳನ್ನು ಓಡಿಸಿಬಿಟ್ಟು, ಉತ್ತರಗಳನ್ನು ಅಂದಾಜಿನಲ್ಲಿ ಒತ್ತಿದರೂ ಪ್ರಮಾಣಪತ್ರ ಬಂದಿತು. ಕಲಿತದ್ದು ಏನೂ ಉಳಿಯಲಿಲ್ಲ. ದುಡಿಯುವವರು ಪಾಪ, ಅವರಿಗೆ ಸಮಯವಿಲ್ಲ ಎಂದು ಪಾಠವನ್ನು ಸಡಿಲಗೊಳಿಸುವುದು ಅವರಿಗೇ ಮಾಡುವ ಅನ್ಯಾಯ ಎಂದು ನನಗೆ ಅರಿವಾದದ್ದು ಆಗಲೇ. ಜಾರ್ಜಿಯಾ ಟೆಕ್ ಆ ರಿಯಾಯಿತಿಯನ್ನು ಕೊಡುವುದಿಲ್ಲ. ಮೊದಲ ವರ್ಷದೊಳಗೆ ಎರಡು ಬುನಾದಿ ಕೋರ್ಸ್‌ಗಳಲ್ಲಿ ಕನಿಷ್ಠ ‘ಬಿ’ ಶ್ರೇಣಿ ಪಡೆಯಲೇಬೇಕು.

ಪ್ರಾಧ್ಯಾಪಕಿ ಆಡಾ ಗಾವ್ರಿಲೋವ್ಸ್ಕಾ ಅವರ ಆಪರೇಟಿಂಗ್ ಸಿಸ್ಟಮ್ಸ್ ಕೋರ್ಸನ್ನೇ ನೋಡಿ. ಮೊದಲ ಪ್ರಾಜೆಕ್ಟಿನಲ್ಲಿ ಸಿ ಭಾಷೆಯಲ್ಲಿ, ಹಲವು ಥ್ರೆಡ್‌ಗಳಿಂದ (ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳು) ಫೈಲುಗಳನ್ನು ಕಳುಹಿಸುವ ಸರ್ವರ್ ಬರೆಯಬೇಕಿತ್ತು. ಸಣ್ಣ ಫೈಲುಗಳು ಸರಿಯಾಗಿ ತಲುಪುತ್ತಿದ್ದವು, ದೊಡ್ಡವು ಮಾತ್ರ ನಡುವೆಯೇ ತುಂಡಾಗುತ್ತಿದ್ದವು. ನಾಲ್ಕು ರಾತ್ರಿ ಥ್ರೆಡ್‌ಗಳು ಒಂದಕ್ಕೊಂದು ಅಡ್ಡ ಬಾರದಂತೆ ತಡೆಯುವ ಲಾಕ್‌ಗಳನ್ನೇ ಅನುಮಾನಿಸುತ್ತಾ ಕುಳಿತೆ. ಕೊನೆಗೆ ತಿಳಿದದ್ದೇನೆಂದರೆ, ದತ್ತಾಂಶ ಕಳುಹಿಸುವ ‘ಸೆಂಡ್’ ಆಜ್ಞೆಯನ್ನು ಒಮ್ಮೆ ಕರೆದ ಮಾತ್ರಕ್ಕೆ ನಾವು ಕೊಟ್ಟ ಎಲ್ಲ ಬೈಟ್‌ಗಳೂ ಹೋಗಿಬಿಡುತ್ತವೆ ಎಂಬ ಖಾತ್ರಿಯಿಲ್ಲ; ಎಷ್ಟು ಹೋಯಿತೆಂದು ನೋಡಿ, ಉಳಿದದ್ದನ್ನು ಮತ್ತೆ ಮತ್ತೆ ಕಳುಹಿಸಬೇಕು. ಎಂಟು ವರ್ಷ ಕೋಡ್ ಬರೆದವನಿಗೆ ಇಷ್ಟು ಮೂಲಭೂತ ವಿಷಯ ಗೊತ್ತಿರಲಿಲ್ಲ. ಆ ನಾಲ್ಕು ರಾತ್ರಿಗಳಿಗಾಗಿ ನಾನು ಈಗಲೂ ಕೃತಜ್ಞನಾಗಿದ್ದೇನೆ.

ಪಾಠಗಳು ಮೊದಲೇ ಚಿತ್ರೀಕರಿಸಿದ ವಿಡಿಯೊಗಳಾದ್ದರಿಂದ ಯಾವಾಗ ಬೇಕಾದರೂ ನೋಡಬಹುದು. ಸಂದೇಹ ಪರಿಹರಿಸಲು ಆನ್‌ಲೈನ್‌ನಲ್ಲೇ ನಡೆಯುವ ನೇರ ಭೇಟಿಗಳಿಗೆ ಮಾತ್ರ ಅಟ್ಲಾಂಟಾದ ಗಡಿಯಾರವೇ ಪ್ರಮಾಣ. ಅಲ್ಲಿ ಸಂಜೆ 7 ಎಂದರೆ ಇಲ್ಲಿ ನಸುಕಿನ 4:30. ನವೆಂಬರ್‌ನಲ್ಲಿ ಅವರ ಗಡಿಯಾರ ಹಿಂದೆ ಸರಿದ ಮೇಲೆ 5:30. ಅಮ್ಮ ಎದ್ದು ಬಾಗಿಲಿಗೆ ನೀರು ಹಾಕುವ ಹೊತ್ತಿಗೆ ನನ್ನ ಪ್ರಶ್ನೆಗಳು ಮುಗಿದಿರುತ್ತಿದ್ದವು. ತರಗತಿಗಳಲ್ಲಿ ನೂರಾರು ಜನರಿರುವುದರಿಂದ ಪ್ರಾಧ್ಯಾಪಕರ ಒಡನಾಟ ವಿರಳ. ಮಾರ್ಗದರ್ಶನವೆಲ್ಲ ಬಹುಮಟ್ಟಿಗೆ ಬೋಧನಾ ಸಹಾಯಕರದ್ದು. ಗುರುವಿನ ಎದುರು ಕುಳಿತು ಸಂಶೋಧನೆ ಮಾಡಬಯಸುವವರಿಗೆ ಇದು ಸರಿಯಾದ ದಾರಿಯಲ್ಲ.

ಪರೀಕ್ಷೆಯ ವೇಳೆ ಕ್ಯಾಮೆರಾ ನಮ್ಮನ್ನೂ ಕೋಣೆಯನ್ನೂ ದಾಖಲಿಸುತ್ತಿರುತ್ತದೆ. ನಮ್ಮ ಬೀದಿಯಲ್ಲಿ ಕರೆಂಟು ಹೋದ ದಿನ ಯುಪಿಎಸ್ ಇಲ್ಲದಿದ್ದರೆ ನನ್ನ ಪರೀಕ್ಷೆ ಅಲ್ಲಿಗೇ ನಿಲ್ಲುತ್ತಿತ್ತು. ಯುಪಿಎಸ್‌ನ ಬೆಲೆಯನ್ನೂ ಶುಲ್ಕದ ಜೊತೆಗೇ ಖರ್ಚಿಗೆ ಸೇರಿಸಿಕೊಳ್ಳಿ.

ಒಂದು ಸೆಮಿಸ್ಟರ್‌ಗೆ ಒಂದೇ ಕೋರ್ಸ್ ತೆಗೆದುಕೊಳ್ಳಿ ಎಂಬುದು ನನ್ನ ದೃಢವಾದ ಸಲಹೆ. ಬೇಸಿಗೆಯ ಸೆಮಿಸ್ಟರ್ ಉಳಿದವುಗಳಿಗಿಂತ ಕೆಲವು ವಾರ ಚಿಕ್ಕದಾದ್ದರಿಂದ, ಆ ತಿಂಗಳುಗಳಲ್ಲಿ ಆಫೀಸಿನ ಒತ್ತಡವಿದ್ದರೆ ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ಶುಲ್ಕವನ್ನು ಆಯಾ ಸೆಮಿಸ್ಟರಿಗೆ ಮಾತ್ರ ಕಟ್ಟುವುದರಿಂದ ಹಣ ನಷ್ಟವಾಗುವುದಿಲ್ಲ, ಪದವಿ ಮುಗಿಸಲು ಆರು ವರ್ಷಗಳ ಅವಕಾಶವೂ ಇದೆ.