ಲೈಟ್‌ರೂಮ್‌ನ ಶೇರ್ಡ್ ಆಲ್ಬಮ್: ಕಾಡಿನ ಫೋಟೊ ತೋರಿಸಿ ತಿದ್ದಿಸಿಕೊಳ್ಳಲು ಎಷ್ಟು ಉಪಯೋಗ?

ದಾವಣಗೆರೆ, ಚಿತ್ರದುರ್ಗದ ಕಡೆ ಹಕ್ಕಿ, ಕಾಡು, ಬಂಡೆ ಅಂತ ಕ್ಯಾಮೆರಾ ಹೊತ್ತು ತಿರುಗುವವರು ಎಡಿಟ್ ಮಾಡಿದ ಚಿತ್ರ ತೋರಿಸುವುದು ಹೆಚ್ಚಾಗಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಬರುವ ಉತ್ತರವೂ ಗೊತ್ತಿರುವುದೇ: "ಸೂಪರ್ ಸರ್", ಎರಡು ಬೆಂಕಿ, ಒಂದು ಹೆಬ್ಬೆರಳು. ನೋಡುವವರಿಗೆ ಕಣ್ಣಿಲ್ಲ ಅಂತಲ್ಲ. ವಾಟ್ಸ್‌ಆ್ಯಪ್ ಫೋಟೊ ಕುಗ್ಗಿಸಿ ಕಳಿಸುತ್ತದೆ, ಎಚ್‌ಡಿ ಒತ್ತಿದರೂ ಮೂಲ ಫೈಲ್ ಹೋಗುವುದಿಲ್ಲ. ಗರಿಯ ಎಳೆ, ನೆರಳಿನ ನಾಯ್ಸ್ (ಕಾಳುಕಾಳಾಗಿ ಕಾಣುವ ಚುಕ್ಕೆ) ಎಲ್ಲ ಅಲ್ಲೇ ಕಲಸಿಹೋದ ಮೇಲೆ ಯಾರಾದರೂ ಏನು ಹೇಳಿಯಾರು? ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಫೈಲ್ ಹಾಗೇ ತಲುಪುತ್ತದೆ, ಆದರೆ ಮೂಲ ಹೇಗಿತ್ತು, ಯಾವ ಸ್ಲೈಡರ್ ಎಷ್ಟು ಎಳೆದಿದ್ದಾರೆ ಅನ್ನುವುದು ಆಗಲೂ ತಿಳಿಯದು.

ಚಂದಾ ಕಟ್ಟಿ ಬಳಸುವ ಫೋಟೊ ಎಡಿಟಿಂಗ್ ಆ್ಯಪ್ ಅಡೋಬಿ ಲೈಟ್‌ರೂಮ್‌ನ ಶೇರ್ಡ್ ಆಲ್ಬಮ್, ಅಂದರೆ ಲಿಂಕ್ ಕೊಟ್ಟು ತೋರಿಸುವ ಆಲ್ಬಮ್, ಈ ಕೊರತೆಯನ್ನು ಮುಕ್ಕಾಲು ಪಾಲು ತುಂಬುತ್ತದೆ. ಉಳಿದ ಕಾಲು ಪಾಲು ಎಲ್ಲಿ ಕೈಕೊಡುತ್ತದೆ ಅಂತ ಗೊತ್ತಿದ್ದರೆ ಮಾತ್ರ ಕೊಟ್ಟ ಚಂದಾ ದುಡ್ಡಿಗೆ ಮೋಸವಿಲ್ಲ.

ಕೆಲಸ ಸರಳ. ಆಲ್ಬಮ್ ಮಾಡಿ ಶೇರ್ ಒತ್ತಿದರೆ ಲಿಂಕ್ ಬರುತ್ತದೆ. ನೋಡುವವರಿಗೆ ಚಂದಾ ಬೇಡ; ಕಾಮೆಂಟ್ ಹಾಕಲು ಸೈನ್ ಇನ್ ಆಗಬೇಕು, ಅದಕ್ಕೆ ಉಚಿತ ಅಕೌಂಟ್ ಸಾಕು. ಲಿಂಕ್ ಕಳಿಸುವ ಮುನ್ನ ಸೆಟ್ಟಿಂಗ್ಸ್‌ಗೆ ಹೋಗಿ ಮೆಟಾಡೇಟಾ (ಫೋಟೊ ತೆಗೆದ ಕ್ಯಾಮೆರಾ ವಿವರ) ಆನ್ ಇಡಿ, ಲೊಕೇಶನ್ ಆಫ್ ಮಾಡಿ. ಐಎಸ್‌ಒ, ಶಟರ್, ಲೆನ್ಸ್ ಗೊತ್ತಿಲ್ಲದೆ ನಾಯ್ಸ್ ಬಗ್ಗೆ ಮಾತಾಡುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಲೊಕೇಶನ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ನಾಲ್ಕು ಕೊಂಬಿನ ಕೊಂಡುಕುರಿಗಾಗಿಯೇ ಇರುವ ವನ್ಯಧಾಮ, ಕೊಂಡುಕುರಿ 1972ರ ವನ್ಯಜೀವಿ ಕಾಯ್ದೆಯಲ್ಲಿ ಹೆಚ್ಚಿನ ರಕ್ಷಣೆಯಿರುವ ಮೊದಲ ಅನುಸೂಚಿಯ ಪ್ರಾಣಿ. ಅದು ಮಲಗುವ ಪೊದೆಯಾಗಲಿ, ಹಕ್ಕಿಯ ಗೂಡಾಗಲಿ, ಇರುವ ಜಾಗ ಲಿಂಕಿನ ಜೊತೆ ಊರೆಲ್ಲ ಸುತ್ತಬಾರದು. ವಾಟ್ಸ್‌ಆ್ಯಪ್ ಡಾಕ್ಯುಮೆಂಟ್‌ಗೂ ಇದೇ ಮಾತು, ಫೋಟೊದೊಳಗೆ ಜಿಪಿಎಸ್ ಇದ್ದರೆ ಅದೂ ಜೊತೆಗೇ ಹೋಗುತ್ತದೆ.

ಬರೀ ಲಿಂಕ್ ಕೊಟ್ಟರೆ ನೋಡುವವರಿಗೆ ಕಾಣುವುದು ಎಡಿಟ್ ಆದ ಚಿತ್ರ ಮಾತ್ರ. ಅದಕ್ಕೇ ಪ್ರತಿ ಫೋಟೊಗೂ ಒಂದು ನಕಲು ಮಾಡಿ, ರಿಸೆಟ್ ಒತ್ತಿ ಎಡಿಟ್ ತೆಗೆದು, ಪಕ್ಕದಲ್ಲೇ ಇಡಬೇಕು. ಮೂಲ ಕಾಣದೆ ಕೊಡುವ ಸಲಹೆಗೆ ಅರ್ಧ ಬೆಲೆ. ಹತ್ತಿರದವರಾದರೆ ಇನ್ನೊಂದು ದಾರಿಯಿದೆ: ಅವರನ್ನು ಆಲ್ಬಮ್‌ಗೆ ಕರೆದು ಎಡಿಟ್ ಮಾಡುವ ಅನುಮತಿಯನ್ನೇ ಕೊಡುವುದು. "ಹೈಲೈಟ್ಸ್ (ಹೆಚ್ಚು ಬೆಳಕಿನ ಭಾಗ) ಜಾಸ್ತಿ ಇಳಿಸಿದೀರ" ಅಂತ ಬರೆಯುವ ಬದಲು ಅವರೇ ಸ್ಲೈಡರ್ ಎಳೆದು ತೋರಿಸುತ್ತಾರೆ. ಆದರೆ ಅವರು ಮುಟ್ಟುವುದು ನಿಮ್ಮ ಫೋಟೊವನ್ನೇ. ಮೊದಲು ವರ್ಷನ್ಸ್ ಪ್ಯಾನೆಲ್‌ನಲ್ಲಿ ನಿಮ್ಮ ಎಡಿಟ್‌ಗೆ ಹೆಸರು ಕೊಟ್ಟು ಉಳಿಸಿ. ಇಲ್ಲದಿದ್ದರೆ ಯಾರ ಕೈ ಎಲ್ಲಿ ಆಡಿದೆ ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ದೊಡ್ಡ ಗುಂಡಿ ಇರುವುದು ಫೋಟೊಗಳನ್ನು ಕಂಪ್ಯೂಟರಿನಲ್ಲೇ ಇಡುವ ಲೈಟ್‌ರೂಮ್ ಕ್ಲಾಸಿಕ್ ಬಳಸುವವರಿಗೆ. ಕ್ಲಾಸಿಕ್‌ನಿಂದ ಆನ್‌ಲೈನ್ ಆಲ್ಬಮ್‌ಗೆ ಸಿಂಕ್ ಆಗುವುದು ರಾ ಫೈಲ್ (ಕ್ಯಾಮೆರಾದ ಕಚ್ಚಾ ಮೂಲ ಫೈಲ್) ಅಲ್ಲ, ಸ್ಮಾರ್ಟ್ ಪ್ರಿವ್ಯೂ ಎಂಬ ಕುಗ್ಗಿಸಿದ ಪ್ರತಿ. ಅದರ ಉದ್ದದ ಬದಿ 2560 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದಲ್ಲಿ ಆ ಬದಿ 6000 ಪಿಕ್ಸೆಲ್. ಇಷ್ಟು ಇಳಿದಾಗ ನಾಯ್ಸ್ ತಾನಾಗೇ ನುಣುಪಾಗುತ್ತದೆ, ಶಾರ್ಪನಿಂಗ್ (ಚಿತ್ರವನ್ನು ಚೂಪಾಗಿಸುವುದು) ಅತಿಯಾಗಿ ಬಂದ ಬಿಳಿ ಅಂಚು ಮುಚ್ಚಿಹೋಗುತ್ತದೆ. "ಶಾರ್ಪ್ ಚೆನ್ನಾಗಿದೆ" ಎಂಬ ಹೊಗಳಿಕೆ ನಂಬಿ ದೊಡ್ಡ ಪ್ರಿಂಟ್ ಹಾಕಿಸಿದರೆ ಕಥೆಯೇ ಬೇರೆ. ಬಣ್ಣ, ಬೆಳಕು, ಕ್ರಾಪ್ ಬಗ್ಗೆ ಅಭಿಪ್ರಾಯಕ್ಕೆ ಈ ಲಿಂಕ್ ಧಾರಾಳ. ಶಾರ್ಪನಿಂಗ್ ಮತ್ತು ನಾಯ್ಸ್‌ಗೆ ಮಾತ್ರ ಹಕ್ಕಿಯ ಕಣ್ಣು, ತಲೆ ಇರುವ ಭಾಗವನ್ನು ಕುಗ್ಗಿಸದೆ 100 ಪ್ರತಿಶತ ಗಾತ್ರದಲ್ಲೇ ಕತ್ತರಿಸಿ ಬೇರೆ ಜೆಪೆಗ್ ಆಗಿ ಸೇರಿಸಬೇಕು.

ಕಾಮೆಂಟ್ ಬೀಳುವುದು ಇಡೀ ಚಿತ್ರಕ್ಕೆ, ಚಿತ್ರದ ಮೇಲೆ ಜಾಗ ಗುರುತು ಮಾಡಿ ಬರೆಯಲು ಬರುವುದಿಲ್ಲ. ಇದು ನಿಜವಾದ ಕೊರತೆ. ಹಾಗಾಗಿ ಜಾಗ, ತೊಂದರೆ, ಕಾರಣ, ಅಂದಾಜು ಪರಿಹಾರ ನಾಲ್ಕನ್ನೂ ಬರೆಯುವ ರೂಢಿ ಮಾಡಿಕೊಳ್ಳಬೇಕು. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಿಂದ ತೆಗೆದ ಗಾಳಿಯಂತ್ರದ ಚಿತ್ರಕ್ಕೆ "ಡಿಹೇಝ್ (ಮಬ್ಬು ತೆಗೆಯುವ ಸ್ಲೈಡರ್) ಓವರ್ ಆಯ್ತು" ಅಂದರೆ ಸಾಲದು. ಹೀಗೆ ಬರೆದರೆ ಉಪಯೋಗ: "ಎಡಗಡೆಯ ರೆಕ್ಕೆಗಳ ಸುತ್ತ ಬೆಳ್ಳನೆ ಗೆರೆ ಬಂದಿದೆ, ಮೇಲಿನ ಮೂಲೆಗಳು ಕಪ್ಪಾಗಿವೆ. ಡಿಹೇಝ್ 40 ಇಡೀ ಚಿತ್ರಕ್ಕೆ ಬಿದ್ದಿರುವುದೇ ಕಾರಣ. ಅದನ್ನು ಸೊನ್ನೆಗೆ ತಂದು, ಕೆಳಗಿನ ಗುಡ್ಡದ ಸಾಲಿಗೆ ಮಾತ್ರ ಲೀನಿಯರ್ ಗ್ರೇಡಿಯಂಟ್ ಹಾಕಿ 15 ಕೊಟ್ಟು ನೋಡಿ. ಬಣ್ಣವೂ ಏರುತ್ತದೆ, ಸ್ಯಾಚುರೇಶನ್ ಸ್ವಲ್ಪ ಇಳಿಸಿ." ಡಿಹೇಝ್ ಏರಿಸಿದಾಗ ಸೆನ್ಸರ್ ಮೇಲಿನ ಧೂಳಿನ ಚುಕ್ಕೆಗಳೂ ಆಕಾಶದಲ್ಲಿ ಎದ್ದು ಕಾಣುತ್ತವೆ, ಚುಕ್ಕೆ ಅಳಿಸುವ ಹೀಲ್ ಟೂಲ್‌ನಲ್ಲಿ ವಿಶುವಲೈಝ್ ಸ್ಪಾಟ್ಸ್ ಆನ್ ಮಾಡಿದರೆ ಒಂದೂ ತಪ್ಪಿಸಿಕೊಳ್ಳುವುದಿಲ್ಲ.

ಕೊಂಡಜ್ಜಿ ಕೆರೆಯ ಬೆಳ್ಳಕ್ಕಿ ಚಿತ್ರಗಳ ರೋಗ ಒಂದೇ, ಸುಟ್ಟ ಬಿಳಿ, ಅಂದರೆ ಬೆಳಕು ಹೆಚ್ಚಾಗಿ ವಿವರವೇ ಅಳಿದ ಜಾಗ. ಕ್ಲಾಸಿಕ್‌ನ ಡೆವಲಪ್‌ನಲ್ಲಿ ಜೆ ಒತ್ತಿದರೆ ಸುಟ್ಟ ಜಾಗ ಕೆಂಪಾಗುತ್ತದೆ, ಆಲ್ಟ್ ಹಿಡಿದು ವೈಟ್ಸ್ ಎಳೆದರೆ ಕೆಂಪು, ಹಸಿರು, ನೀಲಿಯಲ್ಲಿ ಯಾವ ಬಣ್ಣದ ಚಾನೆಲ್ ಹೋಗಿದೆ ಅಂತಲೂ ತಿಳಿಯುತ್ತದೆ. ಒಂದೆರಡು ಚಾನೆಲ್ ಉಳಿದಿದ್ದರೆ ಹೈಲೈಟ್ಸ್ ಇಳಿಸಿ ಗರಿಯ ಗೆರೆ ವಾಪಸ್ ತರಬಹುದು. ಮೂರೂ ರಾ ಫೈಲಿನಲ್ಲೇ ಹೋಗಿದ್ದರೆ ಎಷ್ಟು ಇಳಿಸಿದರೂ ಬರುವುದು ಬೂದು ಬಣ್ಣದ ತೇಪೆ. ಅಂಥ ಕಡೆ "ಹೈಲೈಟ್ಸ್ ಇನ್ನೂ ಇಳಿಸಿ" ಎಂಬ ಸಲಹೆ ಎಡಿಟರ್‌ನ ಸಮಯ ತಿನ್ನುತ್ತದೆ ಅಷ್ಟೇ, "ಮುಂದಿನ ಸಲ ಕ್ಯಾಮೆರಾದಲ್ಲೇ ಬೆಳಕು ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 0.7ರಿಂದ ಶುರು ಮಾಡಿ" ಅನ್ನುವುದು ಕೆಲಸಕ್ಕೆ ಬರುವ ಮಾತು.

ಕೊಂಡುಕುರಿಯದು ಇನ್ನೊಂದು ಬಗೆ: ಕಂದು ಪ್ರಾಣಿ, ಒಣ ಎಲೆಯ ಕಂದು ನೆಲ. ಸೆಲೆಕ್ಟ್ ಸಬ್ಜೆಕ್ಟ್ ಮಾಸ್ಕ್‌ನಿಂದ ಪ್ರಾಣಿಯನ್ನಷ್ಟೇ ಆಯ್ದು ಎಕ್ಸ್‌ಪೋಶರ್ 0.3 ಏರಿಸಿದರೆ ಸಾಕು. ಮುಂದೆ ಅಡ್ಡ ಬಂದ ಹುಲ್ಲನ್ನು ಆ ಮಾಸ್ಕ್ ಹಲವು ಸಲ ಪ್ರಾಣಿಯ ಜೊತೆಗೇ ಹಿಡಿದುಬಿಡುತ್ತದೆ. ಬ್ರಶ್‌ನಿಂದ ಸಬ್‌ಟ್ರ್ಯಾಕ್ಟ್ ಮಾಡದಿದ್ದರೆ ಹುಲ್ಲೆಸಳು ಹೊಳೆಯುತ್ತದೆ, ಪ್ರಾಣಿ ಅಂಟಿಸಿದ ಹಾಗೆ ಕಾಣುತ್ತದೆ. "ಆ ಅಡ್ಡ ಕಡ್ಡಿ ತೆಗೆದುಬಿಡಿ" ಅಂತ ಸಲಹೆ ಕೊಡುವವರು ಚಿತ್ರ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ಕೇಳಬೇಕು. ಅಂತರರಾಷ್ಟ್ರೀಯ ಫೋಟೊ ಸಂಸ್ಥೆಗಳಾದ ಫಿಯಾಪ್, ಪಿಎಸ್‌ಎ ನಿಯಮದ ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಿ ಹೊರಗಿಡಬಹುದೇ ಹೊರತು ಚಿತ್ರದೊಳಗಿನ ವಸ್ತುವನ್ನು ಅಳಿಸುವಂತಿಲ್ಲ, ಸೇರಿಸುವಂತಿಲ್ಲ. ಧೂಳಿನ ಚುಕ್ಕೆ ತೆಗೆಯಬಹುದು. ಆಲ್ಬಮ್ ಹೆಸರಿನಲ್ಲೇ "ಸ್ಪರ್ಧೆಗೆ" ಅಥವಾ "ಗೋಡೆಗೆ" ಅಂತ ಬರೆದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಸ್ಕ್ರೀನ್ ವಿಷಯದಲ್ಲಿ ಲೈಟ್‌ರೂಮ್ ಏನೂ ಮಾಡಲಾರದು. ವಿವಿಡ್ ಮೋಡ್‌ನ ಅಮೊಲೆಡ್ ಫೋನಿನಲ್ಲಿ ಮಳೆಗಾಲದ ಹಸಿರು ಉರಿಯುತ್ತದೆ, ನೈಟ್ ಲೈಟ್‌ನಲ್ಲಿ ಎಲ್ಲವೂ ಅರಿಶಿನ. ಬಣ್ಣದ ಬಗ್ಗೆ ಬರೆಯುವವರು ನ್ಯಾಚುರಲ್ ಮೋಡ್‌ಗೆ ಬಂದು, ನೈಟ್ ಲೈಟ್ ಆಫ್ ಮಾಡಿ, ಆಮೇಲೆ ಬರೆಯಲಿ.

ಚಂದಾ ಕಟ್ಟಲು ಮನಸ್ಸಿಲ್ಲದವರಿಗೆ ಡಾರ್ಕ್‌ಟೇಬಲ್ ಎಂಬ ಎಡಿಟಿಂಗ್ ತಂತ್ರಾಂಶ ಇದೆ, ಪೂರ್ತಿ ಉಚಿತ. ರಾ ಫೈಲನ್ನೂ ಎಡಿಟ್‌ನ ವಿವರವಿರುವ ಪಕ್ಕದ ಎಕ್ಸ್‌ಎಂಪಿ ಫೈಲನ್ನೂ ಡ್ರೈವ್‌ನಲ್ಲಿ ಕೊಟ್ಟರೆ ಎದುರಿನವರಿಗೆ ನಿಮ್ಮ ಪ್ರತಿ ಹೆಜ್ಜೆಯೂ ಹಿಸ್ಟರಿಯಲ್ಲಿ ಕಾಣುತ್ತದೆ. ವಿಮರ್ಶೆಯ ಆಳದಲ್ಲಿ ಇದು ಲೈಟ್‌ರೂಮ್ ಲಿಂಕಿಗಿಂತ ಒಂದು ಕೈ ಮೇಲೇ. ಇಬ್ಬರ ಹತ್ತಿರವೂ ಒಂದೇ ಆವೃತ್ತಿ ಇರಬೇಕು, ಹೊಸದರಲ್ಲಿ ಮಾಡಿದ ಎಡಿಟ್ ಹಳೆಯದರಲ್ಲಿ ಸರಿಯಾಗಿ ತೆರೆಯದೆ ಹೋಗಬಹುದು. ಕಂಪ್ಯೂಟರ್ ಬೇಕೇ ಬೇಕು, ಕಲಿಯಲು ತಾಳ್ಮೆಯೂ ಬೇಕು. ಫೋನಿನಲ್ಲೇ ಎಲ್ಲ ಮುಗಿಸುವವರು ಲೈಟ್‌ರೂಮ್‌ನ ಉಚಿತ ಆ್ಯಪ್‌ನಿಂದ ಶುರು ಮಾಡಬಹುದು, ಆದರೆ ರಾ ಎಡಿಟಿಂಗ್ ಮತ್ತು ಮಾಸ್ಕ್ ಚಂದಾ ಕಟ್ಟಿದವರಿಗೇ. ನಾಲ್ಕೈದು ಜನರ ಗುಂಪಾದರೆ ಒಬ್ಬರು ಚಂದಾ ಕಟ್ಟಿ ಆಲ್ಬಮ್ ನಡೆಸಿ, ಉಳಿದವರು ಉಚಿತ ಅಕೌಂಟ್‌ನಿಂದ ಕಾಮೆಂಟ್ ಬರೆಯುವುದು ಅಗ್ಗದ ದಾರಿ.